ನಾಗರಗುಡ್ಡದ ನಾಡಿಸಾಕ್ಷಿ

ನಾಗರಗುಡ್ಡ ಪುರಸಭೆಯ ಅಂಗಳದಲ್ಲಿದ್ದ ಸೇತುಗಂಬವು ಬೆಳಿಗ್ಗೆ ಸರಿಯಾಗಿ ಹತ್ತು ಗಂಟೆಗೆ ಓಬಳಮ್ಮನ ಸಾವಿರದ ಇನ್ನೂರು ನಿರ್ಮಲಗಳನ್ನು ಒಂದೇ ಗುಟುಕಿಗೆ ನುಂಗಿತು. ಹೊಟ್ಟೆಯೊಳಗೆ ಏನನ್ನೋ ಬೀಸಿದಂತೆ ಗುರುಗುಟ್ಟಿತು. ಆಮೇಲೆ ಹೊಸದಾಗಿ ಬಂದ ಸೊಸೆಯ ಮೆಲುದನಿಯಲ್ಲಿ, “ನಿಮ್ಮ ಹಣ ಈಗ ಸೇತುವೆಯ ಮೇಲಿದೆ. ದಯವಿಟ್ಟು ಕಾಯಿರಿ” ಎಂದಿತು.

“ಸೇತುವೆ ಎಲ್ಲೈತೆ?” ಎಂದು ಓಬಳಮ್ಮ ಕಂಬದ ಹಿಂದಕ್ಕೆ ಹೋಗಿ ನೋಡಿದಳು. ಹಿಂದೆ ಗೋಡೆಯಿತ್ತು. ಗೋಡೆಯ ಮೇಲೆ ‘ಇಲ್ಲಿ ಮೂತ್ರ ಮಾಡಬಾರದು’ ಎಂಬ ಬರಹವಿತ್ತು. ಆ ಬರಹದ ಕೆಳಗೆ ದಿನಾ ಬೆಳಿಗ್ಗೆ ಬ್ಲೀಚಿಂಗ್ ಪೌಡರ್ ಸುರಿದು ತೊಳೆಯುವವಳು ಅವಳೇ. ಇಪ್ಪತ್ತು ವರ್ಷದಿಂದ ತೊಳೆಯುತ್ತಿದ್ದರೂ ಅಲ್ಲಿ ಸೇತುವೆಯನ್ನು ಕಂಡಿರಲಿಲ್ಲ.

ಆ ಕಾಲಕ್ಕೆ ಹಣವೆಂಬುದು ಒಂದಾಗಿ ಉಳಿದಿರಲಿಲ್ಲ. ನೋಟುಗಳು ವಸ್ತುಸಂಗ್ರಹಾಲಯ ಸೇರಿ ಬಹಳ ವರ್ಷಗಳಾಗಿದ್ದವು. ಪ್ರತಿಯೊಂದು ಕಂಪನಿ, ಪ್ರತಿಯೊಂದು ಮಂಡಳಿ ತನ್ನದೇ ಜಾಲ ಕಟ್ಟಿಕೊಂಡು, ತನ್ನದೇ ಗೂಢನಾಣ್ಯ ಹೊರಡಿಸುತ್ತಿತ್ತು. ಪೌರಕಾರ್ಮಿಕರಿಗೆ ಗುತ್ತಿಗೆ ಕಂಪನಿ ಸಂಬಳ ಕೊಡುತ್ತಿದ್ದದ್ದು ‘ನಿರ್ಮಲ’ ಎಂಬ ನಾಣ್ಯದಲ್ಲಿ. ಮನೆ ಮಂಡಳಿ ಕಂತು ಕಟ್ಟಿಸಿಕೊಳ್ಳುತ್ತಿದ್ದದ್ದು ‘ಸೂರು’ ಎಂಬ ನಾಣ್ಯದಲ್ಲಿ. ಬಸ್ಸಿಗೆ ಬೇರೆ, ಅಕ್ಕಿಗೆ ಬೇರೆ, ಆಸ್ಪತ್ರೆಗೆ ಇನ್ನೂ ಬೇರೆ. ಯಾಕೆ ಹೀಗೆ ಎಂದು ಕೇಳಿದವರಿಗೆ ‘ಸ್ವಾತಂತ್ರ್ಯ, ಆಯ್ಕೆ’ ಎಂಬ ದೊಡ್ಡ ಮಾತುಗಳ ಉತ್ತರ ಸಿಗುತ್ತಿತ್ತು. ನಿಜವಾದ ಉತ್ತರ ಸಣ್ಣದು. ದುಡಿದವರ ಕೈಗೆ ಒಂದೂರಿನ ಬೀಗ ಕೊಟ್ಟು, ಇನ್ನೊಂದೂರಿನಲ್ಲಿ ಬೀಗದಕೈ ಮಾರುವುದರಲ್ಲಿ ಲಾಭವಿತ್ತು.

ಆ ಬೀಗದಕೈ ಅಂಗಡಿಯೇ ಸೇತುಗಂಬ. ಕೊರಳಲ್ಲಿ ನೇತುಹಾಕಿಕೊಂಡ ಬಿಲ್ಲೆಯನ್ನು ಅದರ ಬಾಯಿಗೆ ತಾಗಿಸಿದರೆ ಒಂದು ಜಾಲದ ನಾಣ್ಯ ಇನ್ನೊಂದು ಜಾಲದ ನಾಣ್ಯವಾಗುತ್ತಿತ್ತು. ತಲೆಯ ಮೇಲಿನ ಫಲಕದಲ್ಲಿ ದರ ಏರುತ್ತ ಇಳಿಯುತ್ತ ಕುಣಿಯುತ್ತಿತ್ತು. ಬಿಲ್ಲೆ ತಾಗಿಸಿದ ಕ್ಷಣದ ದರವನ್ನು ಕಂಬ ಒಂಬತ್ತು ನಿಮಿಷ ಹಿಡಿದಿಟ್ಟುಕೊಳ್ಳುತ್ತಿತ್ತು. ಅದಕ್ಕೆ ದರಬೀಗವೆಂದು ಹೆಸರು. ಅಷ್ಟರೊಳಗೆ ಎಲ್ಲೆಲ್ಲೋ ಇರುವ ಹನ್ನೆರಡು ಸಾಕ್ಷಿಯಂತ್ರಗಳು ‘ಹೌದು, ಹಣ ದಾಟಿದೆ’ ಎಂದು ದೃಢೀಕರಿಸಬೇಕು. ದೃಢೀಕರಿಸದಿದ್ದರೆ ಬೀಗ ಕಳಚಿ ಹಣ ವಾಪಸ್ಸು ಬರುತ್ತಿತ್ತು. ದಾಟುಸುಂಕ ಮಾತ್ರ ವಾಪಸ್ಸು ಬರುತ್ತಿರಲಿಲ್ಲ. ದಾಟದ ಹಣಕ್ಕೂ ದಾಟುಸುಂಕ ಹಿಡಿಯುವುದು ಹೇಗೆ ನ್ಯಾಯ ಎಂದು ಯಾರೂ ಕೇಳುವಂತಿರಲಿಲ್ಲ. ಕಂಬಕ್ಕೆ ಬಾಯಿ ಇತ್ತು, ಕಿವಿ ಇರಲಿಲ್ಲ.

ಅಂದು ತಿಂಗಳ ಮೊದಲ ದಿನ. ಇಡೀ ಜಿಲ್ಲೆಯ ಸಂಬಳ ಸೇತುವೆಯ ಮೇಲೆ ನಿಂತಿತ್ತು. ಹೆಚ್ಚು ಸುಂಕ ಕಟ್ಟಿದವರ ಹಣಕ್ಕೆ, ದೇವಸ್ಥಾನದ ವಿಶೇಷ ದರ್ಶನದ ಟಿಕೆಟ್ಟಿನ ಹಾಗೆ, ಮುಂದಿನ ಸಾಲು. ಹಾಗಾಗಿ ಒಂಬತ್ತು ನಿಮಿಷದ ಬೀಗಕ್ಕೆ ಓಬಳಮ್ಮನ ಸಾಲಿನಲ್ಲಿ ನಲವತ್ತು ನಿಮಿಷದ ದೃಢೀಕರಣ ಕಾದಿತ್ತು.

ಅವಳ ಬಳಿ ಇದ್ದದ್ದು ಸಾವಿರದ ಮುನ್ನೂರು ನಿರ್ಮಲ. ಬೇಕಾದದ್ದು ಮುನ್ನೂರು ಸೂರು. ಹತ್ತು ಗಂಟೆಗೆ ಸೂರಿಗೆ ನಾಲ್ಕು ನಿರ್ಮಲದ ದರ, ಇಪ್ಪತ್ತು ಸುಂಕ. ಹೋಗಿ, ಒಂಬತ್ತು ನಿಮಿಷ ನಿಂತು, ವಾಪಸ್ಸು ಬಂತು. ಹತ್ತೂವರೆಗೆ ಮತ್ತೆ ಬಿಲ್ಲೆ ಇಟ್ಟಳು. ದರ ನಾಲ್ಕರ ಮೇಲೆ ಹತ್ತು ಪೈಸೆ ಏರಿತ್ತು, ಸುಂಕ ಮೂವತ್ತಾಗಿತ್ತು. ಅದೂ ಹೋಗಿ, ನಿಂತು, ವಾಪಸ್ಸು ಬಂತು. ಹನ್ನೊಂದೂ ಕಾಲಿಗೆ ದರ ಇನ್ನೂ ಹತ್ತು ಪೈಸೆ ಜಿಗಿದಾಗ ಬಿಲ್ಲೆಯಲ್ಲಿ ಸಾವಿರದ ಇನ್ನೂರೈವತ್ತು ಉಳಿದಿತ್ತು, ಕಂತಿಗೆ ಸುಂಕ ಬಿಟ್ಟೇ ಸಾವಿರದ ಇನ್ನೂರರವತ್ತು ಬೇಕಾಗಿತ್ತು. ಒಂದು ಕಡ್ಡಿಪುಡಿ ಕೂಡ ಕೊಳ್ಳದೆ, ನಿಂತ ಜಾಗದಲ್ಲೇ ನಿಂತು, ಓಬಳಮ್ಮ ಐವತ್ತು ನಿರ್ಮಲ ಕಳೆದುಕೊಂಡು ಬಡವಿಯಾಗಿದ್ದಳು.

“ಏನೇ ಇದು ಚೌಡಿ, ನಿಂತಿದ್ದಕ್ಕೇ ಖರ್ಚಾಗೋಯ್ತಲ್ಲೇ!” ಎಂದಳು.

ಚೌಡಕ್ಕ ಅವಳ ಜೊತೆಗಾತಿ, ಮೂರನೇ ವಾರ್ಡಿನ ಚರಂಡಿಗೆ ಇಬ್ಬರೂ ಒಟ್ಟಿಗೆ ಹೋಗುವವರು. “ಕಂಬಕ್ಕೆ ಒಂದು ಕಾಯಿ ಒಡೀಬೇಕಿತ್ತು ಕಣಕ್ಕ ನೀನು,” ಎಂದಳು ಅವಳು.

“ಒಡಿತಿದ್ದೆ. ತೆಂಗಿನಕಾಯಿಗೆ ಯಾವ ನಾಣ್ಯ ಅಂತ ಗೊತ್ತಿಲ್ವಲ್ಲ!”

ಸುತ್ತಲಿದ್ದವರು ನಕ್ಕರು. ಓಬಳಮ್ಮ ನಗಲಿಲ್ಲ. ಕಸದ ಯಾರ್ಡಿನ ಪಕ್ಕ ತಗಡಿನ ಶೆಡ್ಡುಗಳಲ್ಲಿ ಬದುಕುತ್ತಿದ್ದ ನಲವತ್ತೆರಡು ಮಂದಿ ಕಾರ್ಮಿಕರಿಗೆ ಹದಿನೇಳು ವರ್ಷ ಧರಣಿ ಕೂತ ಮೇಲೆ ಮನೆಗಳು ಮಂಜೂರಾಗಿದ್ದವು. ಪಟ್ಟಿಯಲ್ಲಿ ಮೊದಲ ಹೆಸರು ಓಬಳಮ್ಮನದು, ಉಳಿದವರ ಗಡುವು ಮುಂದಿನ ವಾರಗಳಲ್ಲಿ. ಕೊನೆಯ ಕಂತು ಇವತ್ತು ಸಂಜೆ ನಾಲ್ಕರೊಳಗೆ ಮಂಡಳಿಯ ಜಾಲಕ್ಕೆ ಮುಟ್ಟಬೇಕು. ಮುಟ್ಟದಿದ್ದರೆ ಮನೆ ಹರಾಜಿಗೆ. ಅಂಗಳದ ಆ ಬದಿಯಲ್ಲೇ ಮಂಡಳಿಯ ಕಿಟಕಿ. ಅದರೊಳಗೆ ಗುಮಾಸ್ತ ಆಗಲೇ ಹರಾಜಿನ ಫಾರಂ ತೆಗೆದು ಇಟ್ಟುಕೊಂಡಿದ್ದ. ಮುಂದಾಲೋಚನೆಯ ಮನುಷ್ಯ.

ಮಧ್ಯಾಹ್ನ ಒಂದು ಗಂಟೆಗೆ ಅಂಗಳಕ್ಕೊಂದು ಬಿಳಿ ಗಾಡಿ ಬಂತು. ಅದರಿಂದ ಇಳಿದವರು ಡಾ. ವಸುಧಾ ಗಲಗಲಿ. ಸೇತುಗಂಬವನ್ನು ವಿನ್ಯಾಸ ಮಾಡಿದ ವಿಜ್ಞಾನಿ, ಧಾರವಾಡದ ಕಡೆಯವರು. ದೃಢೀಕರಣ ತಡವಾಗಿ ಬಡವರಿಗೆ ನಷ್ಟವಾಗುತ್ತಿದೆ ಎಂಬುದು ಅವರ ಗಮನಕ್ಕೆ ಬಂದು, ಎರಡು ವರ್ಷ ನಿದ್ದೆಗೆಟ್ಟು, ಹೊಸ ಉಪಕರಣವೊಂದನ್ನು ಕಂಡುಹಿಡಿದಿದ್ದರು. ಅದೇ ನಾಡಿಸಾಕ್ಷಿ. ನೋಡಲು ರೊಟ್ಟಿ ತಟ್ಟುವ ಹಲಗೆಯ ಹಾಗಿತ್ತು. ಅದನ್ನು ಕಂಬದ ಪಕ್ಕಕ್ಕೆ ಜೋಡಿಸಿ, ಮೊದಲ ಪ್ರಯೋಗಕ್ಕೆ ಪುರಸಭೆಯ ಮುಖ್ಯಾಧಿಕಾರಿಗಳನ್ನು ಕರೆದರು.

ಮುಖ್ಯಾಧಿಕಾರಿ ಹಲಗೆಯ ಮೇಲೆ ಅಂಗೈ ಊರಿ, “ನಮ್ಮ ಪಟ್ಟಣದಲ್ಲಿ ಕೈಗವಸಿಲ್ಲದೆ ಒಬ್ಬರೂ ಚರಂಡಿ ಕೆಲಸ ಮಾಡುವುದಿಲ್ಲ” ಎಂದರು. ಹಸಿರು ದೀಪ ಹತ್ತಿತು. “ನಿಮ್ಮ ಮಾತು ನಿಜವಾಗಿದೆ” ಎಂದಿತು ಕಂಬ. ಚಪ್ಪಾಳೆ ಬಿತ್ತು. ಹಿಂದೆ ನಿಂತಿದ್ದ ಹೆಂಗಸರು ಚಪ್ಪಾಳೆ ತಟ್ಟಲು ಎತ್ತಿದ ತಮ್ಮ ಬರಿಗೈಗಳನ್ನು ಒಮ್ಮೆ ನೋಡಿಕೊಂಡರು. ಮುಖ್ಯಾಧಿಕಾರಿ ಊಟಕ್ಕೆ ಹೋದರು.

ಓಬಳಮ್ಮ ವಿಜ್ಞಾನಿಯ ಎದುರು ಹೋಗಿ ನಿಂತಳು. “ಮೇಡಂ, ಈ ಕಂಬ ಹೆತ್ತೋರು ನೀವೇ ಏನ್ರಿ?”

“ಹೌದ್ರಿ. ಏನಾಗ್ಯದ?”

“ನಿಮ್ಮ ಮಗ ನನ್ನ ಕಾಸು ತಿಂದವನೆ.”

ಗಲಗಲಿ ಗಾಬರಿಯಾಗಿ ಬಿಲ್ಲೆಯ ದಾಖಲೆ ನೋಡಿದರು. ಎಲ್ಲವೂ ನಿಯಮದಂತೆಯೇ ನಡೆದಿತ್ತು. “ತಿಂದಿಲ್ರಿ, ದೃಢೀಕರಣ ಬಂದಿಲ್ಲ. ಹನ್ನೆರಡು ಸಾಕ್ಷಿಗಳು ಹೇಳಬೇಕಲ್ರಿ, ನೀವು ಹಣ ಕೊಟ್ಟೀರಿ ಅಂತ.”

“ನಾನು ಕೊಟ್ಟೆ ಅಂತ ನಾನೇ ಹೇಳ್ತಿದೀನಲ್ಲ.”

“ನಿಮ್ಮ ಮಾತು ನೀವೇ ಹೇಳಿದ್ರ ಹೆಂಗ್ರಿ? ಬ್ಯಾರೆಯವರು ಹೇಳಬೇಕು.”

“ಆಯ್ತು, ಆ ಹನ್ನೆರಡು ಜನ ಎಲ್ಲವ್ರೆ? ಕರೀರಿ, ಕಾಲಿಗೆ ಬಿದ್ದು ಕೇಳ್ತೀನಿ.”

“ಜನ ಅಲ್ಲ, ಯಂತ್ರ. ಒಂದು ನಾರ್ವೆದಾಗ ಅದ, ಒಂದು ಚಿಲಿದಾಗ ಅದ, ಒಂದು ಸಮುದ್ರದ ತಳದಾಗ.”

“ಸಮುದ್ರದ ತಳದಾಗ ಕುಂತಿರೋ ಆಯಪ್ಪಂಗೆ ನಾನು ಯಾರು ಅಂತ ಗೊತ್ತೈತಾ?”

“ಗೊತ್ತಿಲ್ಲ. ಅದೇ ಅದರ ದೊಡ್ಡ ಗುಣ ನೋಡ್ರಿ. ಯಾರನ್ನೂ ಅರಿಯದವರು ಯಾರ ಪರವಾಗೂ ಸುಳ್ಳು ಹೇಳೂದಿಲ್ಲ.”

“ಗುರ್ತಿಲ್ದೋರ ಪರವಾಗಿ ಸಾಕ್ಷಿ ಹೇಳೋರು ನಮ್ಮ ಕೋರ್ಟಿನ ಮುಂದೂ ಅವ್ರೆ ಮೇಡಂ. ಆದ್ರೆ ಅವರು ನಲವತ್ತು ನಿಮಿಷ ತಗಳಲ್ಲ. ಒಂದು ಟೀ ಕುಡಿಯೋದ್ರಲ್ಲಿ ಹೇಳಿ ಹೋಗ್ತಾರೆ.”

ಗಲಗಲಿಗೆ ನಗು ತಡೆಯಲಾಗಲಿಲ್ಲ. ಅವರು ಒಳ್ಳೆಯವರು. ಓಬಳಮ್ಮನನ್ನು ಕಟ್ಟೆಯ ಮೇಲೆ ಕೂರಿಸಿ ನಿಧಾನವಾಗಿ ವಿವರಿಸಿದರು. ಇನ್ನು ಮುಂದೆ ನಾರ್ವೆಯನ್ನು ಕಾಯಬೇಕಾಗಿಲ್ಲ. ಸ್ಥಳದಲ್ಲಿದ್ದ ಏಳು ಜನ ನಾಡಿಹಲಗೆಯ ಮೇಲೆ ಕೈಯಿಟ್ಟು, ಇಂಥವರು ಇಷ್ಟು ಹೊತ್ತಿಗೆ ಬಿಲ್ಲೆ ಇಟ್ಟದ್ದನ್ನು ನೋಡಿದೆವು ಎಂದರೆ ಸಾಕು, ಆ ಹೊತ್ತಿನ ದರದಲ್ಲೇ ಹಣ ದಾಟುತ್ತದೆ. ಮುರಿದ ಬೀಗವೂ ಮತ್ತೆ ಕೂಡಿಕೊಳ್ಳುತ್ತದೆ. ಸುಳ್ಳು ಹೇಳುವವನ ನಾಡಿ ಏರುತ್ತದೆ, ಅಂಗೈ ಬೆವರುತ್ತದೆ. ಅದು ವಿಜ್ಞಾನ. ಎಂಟುನೂರು ಮಂದಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ ನೋಡಲಾಗಿದೆ, ಒಮ್ಮೆಯೂ ತಪ್ಪಿಲ್ಲ.

“ಅಂದ್ರೆ, ನಾನು ಹತ್ತು ಗಂಟೆಗೆ ಇಟ್ಟಿದ್ದು ನೋಡಿದೋರು ಏಳು ಜನ ಹೇಳಿದ್ರೆ ನನ್ನ ಮನೆ ಬರ್ತದಾ?”

“ಕಂತು ಮುಟ್ತದ. ಕಂತು ಮುಟ್ಟಿದ್ರ ಮನಿ ಬರ್ತದ.”

“ಎದ್ದೇಳ್ರೇ!” ಎಂದು ಓಬಳಮ್ಮ ಕೂಗಿದಳು. ಬೆಳಿಗ್ಗೆ ಅವಳ ಹಿಂದೆ ಸಾಲಿನಲ್ಲಿ ನಿಂತಿದ್ದವರು ಹನ್ನೊಂದು ಮಂದಿ. ಎಲ್ಲರೂ ಕಣ್ಣಾರೆ ನೋಡಿದವರು.

ಮೊದಲು ಚೌಡಕ್ಕ ಹೋದಳು. ಸೆರಗಿಗೆ ಕೈ ಒರೆಸಿಕೊಂಡು, ಹಲಗೆಯ ಮೇಲಿಟ್ಟು, ತೊದಲುತ್ತ, “ಹತ್ತು ಗಂಟೆಗೆ... ಓಬಳಕ್ಕ ಬಿಲ್ಲೆ ಇಟ್ಟಿದ್ದು... ನಾನು ನೋಡಿದೀನಿ ಸಾ” ಎಂದಳು.

ಕೆಂಪು ದೀಪ. “ಕ್ಷಮಿಸಿ. ನಿಮ್ಮ ಮಾತು ನಿಜವೆಂದು ಕಂಡುಬರುತ್ತಿಲ್ಲ.”

“ನನ್ನ ಗಂಡನೂ ಇದೇ ಡೈಲಾಗು ಹೇಳ್ತಿದ್ದ,” ಎಂದು ಚೌಡಕ್ಕ ಮುಖ ತಿರುವಿಕೊಂಡು ಬಂದಳು.

ಎರಡನೆಯವಳಿಗೆ ಕೆಂಪು. ಮೂರನೆಯವಳಿಗೆ ಕೆಂಪು. ನಾಲ್ಕನೆಯವಳು ಕೈಯಿಟ್ಟ ಕೂಡಲೇ, ಬಾಯಿ ತೆರೆಯುವ ಮೊದಲೇ, ಕೆಂಪು. ಗಲಗಲಿ ತಂತಿಗಳನ್ನು ಬಿಚ್ಚಿ ಜೋಡಿಸಿದರು. ಉಪಕರಣದಲ್ಲಿ ದೋಷವಿರಲಿಲ್ಲ. ಈ ಹೆಂಗಸರ ನಾಡಿ ನಿಮಿಷಕ್ಕೆ ನೂರಿಪ್ಪತ್ತು, ನೂರಮೂವತ್ತು ಹೊಡೆಯುತ್ತಿತ್ತು. ಕಾಲೇಜು ಹುಡುಗರು ಸುಳ್ಳು ಹೇಳಿದಾಗಲೂ ಅಷ್ಟು ಏರಿರಲಿಲ್ಲ. ಗಲಗಲಿ ಅನುಮಾನದಿಂದ ಓಬಳಮ್ಮನ ಕಡೆ ನೋಡಿದರು. ಗಡಿಯಾರದಲ್ಲಿ ಎರಡೂ ಮುಕ್ಕಾಲು.

ಅಷ್ಟು ಹೊತ್ತಿಗೆ ಕಂಕುಳಲ್ಲಿ ಮಂಡಕ್ಕಿ ಚೀಲ ಇರುಕಿಕೊಂಡು ಪಾಲಮ್ಮ ಬಂದಳು. ಓಬಳಮ್ಮನ ಶೆಡ್ಡಿನ ಪಕ್ಕದ ಶೆಡ್ಡು ಅವಳದು. ಅಂದು ಬೆಳಿಗ್ಗೆಯಿಂದ ಸಂತೆಪೇಟೆಯಲ್ಲಿದ್ದಳು. ಸಂಗತಿಯೇನೆಂದು ಅರ್ಧ ಕೇಳಿಸಿಕೊಂಡವಳೇ ಚೀಲವನ್ನು ಚೌಡಕ್ಕನ ಕೈಗೆ ತುರುಕಿ, ಹಲಗೆಯ ಮೇಲೆ ಪಟ್ ಎಂದು ಅಂಗೈ ಬಡಿದು, “ಹತ್ತು ಗಂಟೆಗೆ ಸರಿಯಾಗಿ ಇಟ್ಟವಳೆ ಸಾ! ನಾನು ಪಕ್ಕದಲ್ಲೇ ನಿಂತು ನೋಡಿದೀನಿ!” ಎಂದಳು.

ಹಸಿರು. ನಾಡಿ ಎಪ್ಪತ್ತು. “ನಿಮ್ಮ ಮಾತು ನಿಜವಾಗಿದೆ.”

“ನೀವು ಹತ್ತು ಗಂಟೆಗೆ ಇಲ್ಲಿ ಇದ್ರೇನ್ರಿ?” ಎಂದು ಗಲಗಲಿ ಕೇಳಿದರು.

“ಎಲ್ಲಿ ಮೇಡಂ? ಮಂಡಕ್ಕಿ ಚೌಕಾಸಿ ಮಾಡ್ತಿದ್ದೆ.”

“ಮತ್ತ ನೋಡಿದೆ ಅಂತ ಹೇಳಿದ್ರಲ್ಲ!”

“ಓಬಳಕ್ಕ ಇಟ್ಟವಳೋ ಇಲ್ವೋ?”

“ಇಟ್ಟಾರ...”

“ಮತ್ತೆ? ನೋಡಿದ್ರೂ ಇಟ್ಟವಳೆ, ನೋಡ್ದೆ ಇದ್ರೂ ಇಟ್ಟವಳೆ.”

ಈಗ ಇಲ್ಲಿ ನಾಗರಗುಡ್ಡದ ಹಾಜರಿಯ ವಿಷಯ ಹೇಳಬೇಕು. ಪೌರಕಾರ್ಮಿಕರ ಹಾಜರಿಗೆ ಬೆರಳಚ್ಚಿನ ಯಂತ್ರ ತಂದದ್ದುಂಟು. ಬ್ಲೀಚಿಂಗ್ ಪೌಡರು, ಪೊರಕೆಯ ಹಿಡಿ, ಚರಂಡಿಯ ಸಲಿಕೆ ಇವು ಮೂರೂ ಸೇರಿ ಆ ಬೆರಳುಗಳ ಗೆರೆಗಳನ್ನು ಎಂದೋ ಅಳಿಸಿದ್ದರಿಂದ ಯಂತ್ರ ಸೋತಿತು. ಮುಖ ಗುರುತಿಸುವ ಯಂತ್ರಕ್ಕೆ ಬೆಳಗಿನ ಐದೂವರೆಯ ಮಬ್ಬಿನಲ್ಲಿ ಮಫ್ಲರು ಸುತ್ತಿದ ಮುಖಗಳೆಲ್ಲ ಒಂದೇ ಆಗಿ ಕಂಡವು. ಕೊನೆಗೆ ಹಳೆಯ ಪದ್ಧತಿಯೇ ಉಳಿಯಿತು. ಮೇಸ್ತ್ರಿ ತಲೆ ಬಗ್ಗಿಸಿಕೊಂಡು ಪಟ್ಟಿಯಿಂದ ಹೆಸರು ಕೂಗುತ್ತಾನೆ, ಗುಂಪಿನಿಂದ “ಬಂದವಳೆ ಸಾ!” ಎಂದು ಉತ್ತರ ಬರುತ್ತದೆ. ಯಾರದೋ ಮಗುವಿಗೆ ಜ್ವರ, ಯಾರಿಗೋ ಗಂಡ ಹೊಡೆದು ಕಣ್ಣು ಬಾತಿದೆ, ಯಾರೋ ಹೆರಿಗೆಗೆ ಹೋಗಿದ್ದಾರೆ. ಒಂದು ದಿನ ತಪ್ಪಿದರೆ ಮೂರು ದಿನದ ಕೂಲಿ ಕಡಿತ. ಆದ್ದರಿಂದ ಬಾರದವಳ ಹೆಸರಿಗೆ ಉಳಿದವರು “ಬಂದವಳೆ ಸಾ” ಎನ್ನುತ್ತಾರೆ. ಬರೀ ಬಾಯಿಮಾತಲ್ಲ. ಅವಳ ಬೀದಿಯನ್ನೂ ತಾವೇ ಗುಡಿಸುತ್ತಾರೆ. ಇಪ್ಪತ್ತು ವರ್ಷದಿಂದ ದಿನಾ ಬೆಳಿಗ್ಗೆ ಈ ಸುಳ್ಳು ಹೇಳಿ ಹೇಳಿ ಅದು ಅವರಿಗೆ ಉಸಿರಿನಷ್ಟು ಸಲೀಸಾಗಿತ್ತು.

ನಿಜದ ಕತೆ ಬೇರೆ. ತನಿಖೆಗೆ ಬಂದ ಸಾಹೇಬರ ಎದುರು “ಕೈಗವಸು ಕೊಟ್ಟಿಲ್ಲ” ಎಂದು ನಿಜ ಹೇಳಿದ ಇಬ್ಬರು ಮರುದಿನ ಪಟ್ಟಿಯಿಂದ ಮಾಯವಾಗಿದ್ದರು. ಅಂದಿನಿಂದ ಅಧಿಕಾರದ ಮುಂದೆ ನಿಜ ಬಾಯಿಗೆ ಬಂದರೆ ಸಾಕು, ಅವರ ಎದೆ ಒರಳುಕಲ್ಲಿನಂತೆ ಕುಟ್ಟುತ್ತಿತ್ತು.

ಇದನ್ನೆಲ್ಲ ಪಾಲಮ್ಮ ಮಂಡಕ್ಕಿ ತಿನ್ನುತ್ತ ಹೇಳಿದಳು. ಗಲಗಲಿ ಕಟ್ಟೆಯ ಮೇಲೆ ಕುಸಿದರು. ಪ್ರಯೋಗಾಲಯದಲ್ಲಿ ನಿಜ ಹೇಳಿದ್ದಕ್ಕೆ ಯಾರ ಕೂಲಿಯೂ ಕಡಿತವಾಗಿರಲಿಲ್ಲ. ಅಲ್ಲಿ ಹುಡುಗರಿಗೆ ಸುಳ್ಳು ಹೇಳಿಸಿ ಕಾಫಿ ಕೊಟ್ಟಿದ್ದರು.

ಓಬಳಮ್ಮನಿಗೆ ಮಾತ್ರ ದಾರಿ ಹೊಳೆದುಬಿಟ್ಟಿತ್ತು. ಕಟ್ಟೆಯ ಮೇಲೆ ಹತ್ತಿ ನಿಂತು, ಹದಿನೇಳು ವರ್ಷದ ಧರಣಿಯಲ್ಲಿ ಪಳಗಿದ ಗಂಟಲಿನಲ್ಲಿ ಕೂಗಿದಳು:

“ನೋಡಿದೋರೆಲ್ಲ ಆಚೆ ಹೋಗ್ರವ್ವ! ನೋಡ್ದೆ ಇದ್ದೋರು ಬನ್ರಿ!”

ನೋಡಿದವರು ಅಪರಾಧಿಗಳಂತೆ ಬೇವಿನ ಮರದ ಕೆಳಗೆ ಸರಿದರು. ನೋಡದೆ ಇದ್ದವರನ್ನು ಹುಡುಕಲು ಚೌಡಕ್ಕ ಓಡಿದಳು. ಐದನೇ ವಾರ್ಡಿನಿಂದ ನಾಲ್ವರು ಬಂದರು, ಕಸದ ಆಟೋದಿಂದ ಇಳಿದ ಡ್ರೈವರಮ್ಮ ಬಂದಳು, ಮೂರು ದಿನದಿಂದ ಊರಲ್ಲೇ ಇಲ್ಲದೆ ಆಗ ತಾನೆ ಬಸ್ಸಿಳಿದವಳೊಬ್ಬಳು ಬಂದಳು.

“ನಾನು ಇವತ್ತು ಊರಲ್ಲೇ ಇರ್ಲಿಲ್ಲ ಕಣ್ರೇ,” ಎಂದಳು ಅವಳು.

“ಭೇಷಾಯ್ತು, ಮೊದ್ಲು ನೀನೇ ಹೋಗು.”

ಗಲಗಲಿ ಎದ್ದು ನಿಂತರು. ಉಪಕರಣವನ್ನು ನಿಲ್ಲಿಸುವ ಗುಂಡಿ ಅವರೊಬ್ಬರ ಬೆರಳಿಗೆ ಮಾತ್ರ ಮಣಿಯುತ್ತಿತ್ತು. ಒತ್ತುವುದು ಅವರ ಕರ್ತವ್ಯವಾಗಿತ್ತು. ಹಳೆಯ ವ್ಯವಸ್ಥೆಯಲ್ಲಿ ಹನ್ನೆರಡು ಸಾಕ್ಷಿಗಳೂ ಪ್ರಾಮಾಣಿಕ, ಆದರೆ ಹಣ ಕೊಟ್ಟವಳು ಹಣ ಕಳೆದುಕೊಂಡಿದ್ದಳು. ಈಗ ಸಾಕ್ಷಿಗಳೆಲ್ಲ ಸುಳ್ಳು, ಆದರೆ ಅವರು ಹೇಳುತ್ತಿದ್ದ ಸಂಗತಿ ಅಪ್ಪಟ ನಿಜ. ಯಾವ ಪಠ್ಯಪುಸ್ತಕದಲ್ಲೂ ಇದಕ್ಕೆ ಸಮೀಕರಣವಿರಲಿಲ್ಲ. ಅವರ ಬೆರಳು ಗುಂಡಿಯ ಹತ್ತಿರ ಹೋಯಿತು, ನಿಂತಿತು, ಹಿಂದಕ್ಕೆ ಬಂದು ಕನ್ನಡಕ ಸರಿಮಾಡಿಕೊಂಡಿತು.

“ನಾ ಒಂದ್ ಕಪ್ ಚಾ ಕುಡದು ಬರ್ತೇನಿ,” ಎಂದು ಹೇಳಿ ಅವರು ಗೇಟಿನ ಕಡೆ ನಡೆದರು.

ಚಹಾದಂಗಡಿಯವನು ಕೇಳಿದ ನಾಣ್ಯ ಅವರ ಬಿಲ್ಲೆಯಲ್ಲಿರಲಿಲ್ಲ. ಬರಿಗೈಯಲ್ಲಿ ವಾಪಸ್ಸಾಗುವಷ್ಟರಲ್ಲಿ ಏಳು ಹಸಿರು ದೀಪ ಹತ್ತಿದ್ದವು. ಫಲಕದಲ್ಲಿ ‘ಬೆಳಿಗ್ಗೆ ಹತ್ತರ ದರ, ಮುನ್ನೂರು ಸೂರು, ದಾಟಿದೆ’ ಎಂದು ಬಂದಿತ್ತು. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ಮಂಡಕ್ಕಿ ಅಂಗಳದ ತುಂಬ ಚೆಲ್ಲಿತ್ತು. ಗುಡಿಸುವವರು ಯಾರೆಂಬ ಚಿಂತೆ ಆ ಕ್ಷಣ ಯಾರಿಗೂ ಇರಲಿಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರುವುದು ಮಾತ್ರ ಇನ್ನೂ ಬಾಕಿಯಿತ್ತು. ಕಿಟಕಿಯ ಗುಮಾಸ್ತ ತಲೆ ಹೊರಗೆ ಹಾಕಿ, “ಒಡೆತನದ ನುಡಿ ಆಗಬೇಕಮ್ಮ,” ಎಂದ. “ಇವತ್ತಿಂದ ಹಕ್ಕುಪತ್ರಕ್ಕೂ ಇದೇ ಹಲಗೆ. ಕೈ ಇಟ್ಟು, ಈ ಮನೆ ನನ್ನದು ಅಂತ ಹೇಳಬೇಕು. ಮೂರು ಸಲ ಅವಕಾಶ. ನಾಲ್ಕಕ್ಕೆ ಇನ್ನು ಹನ್ನೆರಡು ನಿಮಿಷ ಐತೆ.”

ಓಬಳಮ್ಮ ಹಲಗೆಯ ಮೇಲೆ ಕೈಯಿಟ್ಟಳು. ಬಾಯಿ ತೆರೆದಳು. ಮಳೆಗಾಲದಲ್ಲಿ ಕಸದ ನೀರು ಶೆಡ್ಡಿನೊಳಗೆ ಬಂದದ್ದು, ಹಿರಿಮಗಳ ಮದುವೆಗೆ ಬಂದ ಬೀಗರು ವಾಸನೆಗೆ ಮೂಗು ಮುಚ್ಚಿಕೊಂಡು ಹೊರಗೇ ನಿಂತದ್ದು, ಧರಣಿಯ ಶಾಮಿಯಾನದಲ್ಲಿ ಹದಿನೇಳು ಬೇಸಿಗೆ ಕಳೆದದ್ದು, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು.

“ಈ ಮನೆ ನಂದು,” ಎಂದಳು.

ಕೆಂಪು.

“ಸಮಾಧಾನ ಮಾಡ್ಕಳೇ ಅಕ್ಕ, ಉಸಿರು ತಗ,” ಎಂದರು ಎಲ್ಲರೂ. ನೀರು ಕುಡಿಸಿದರು. ಗಲಗಲಿ ತಮ್ಮ ಕರವಸ್ತ್ರದಿಂದ ಅವಳ ಅಂಗೈ ಒರೆಸಿದರು.

“ಈ ಮನೆ ನಂದು.”

ಕೆಂಪು. ನಾಡಿ ನೂರ ನಲವತ್ತೆರಡು. ಜೀವನದಲ್ಲಿ ಅವಳು ಹೇಳಿದ ಅತ್ಯಂತ ದೊಡ್ಡ ನಿಜ ಅದಾಗಿತ್ತು. ಅದನ್ನು ತಣ್ಣಗೆ ಹೇಳುವುದು ಅವಳಿಂದ ಆಗುವಂತಿರಲಿಲ್ಲ.

“ಆಗಲ್ಲ ಕಣ್ರೇ,” ಎಂದು ಓಬಳಮ್ಮ ನೆಲಕ್ಕೆ ಕುಕ್ಕರಿಸಿದಳು. “ನಂದು ಅಂದ ಕೂಡ್ಲೇ ಎದೆ ಕಿತ್ಕಂಡು ಬರ್ತೈತೆ.”

ಗುಮಾಸ್ತ ಹರಾಜಿನ ಫಾರಮ್ಮಿನ ಮೇಲೆ ಪೆನ್ನಿಟ್ಟ. ನಾಲ್ಕಕ್ಕೆ ಆರು ನಿಮಿಷ.

“ಯಜಮಾನ್ರೇ,” ಎಂದು ಓಬಳಮ್ಮ ಥಟ್ಟನೆ ತಲೆಯೆತ್ತಿದಳು. “ನಂದು ಅಂತಲೇ ಹೇಳ್ಬೇಕಾ? ಬೇರೆಯೋರದ್ದು ಅಂದ್ರೆ ಆಗಲ್ವಾ?”

ಗುಮಾಸ್ತ ನಿಯಮದ ಪುಸ್ತಕ ತಿರುವಿದ. ಆಗುತ್ತಿತ್ತು. ಹಣ ಕಟ್ಟಿದವರು ಯಾರ ಹೆಸರನ್ನಾದರೂ ನುಡಿಯಬಹುದು, ಆ ಹೆಸರು ಫಲಾನುಭವಿಗಳ ಪಟ್ಟಿಯಲ್ಲಿದ್ದರೆ ಸಾಕು, ಒಂದು ಹೆಸರಿಗೆ ಒಂದೇ ಮನೆ. ಈ ಸೌಲಭ್ಯವನ್ನು ನಿಯಮಕ್ಕೆ ಸೇರಿಸಿದವರ ಮನಸ್ಸಿನಲ್ಲಿದ್ದದ್ದು ತಂತಮ್ಮ ಭಾವಮೈದುನರು. ಭಾವಮೈದುನರನ್ನು ಪಟ್ಟಿಗೆ ಸೇರಿಸುವ ಕೆಲಸವೊಂದು ಇನ್ನೂ ಉಳಿದಿತ್ತು, ಅಷ್ಟೆ.

ಓಬಳಮ್ಮ ಪಾಲಮ್ಮನ ಮುಖ ನೋಡಿದಳು. “ಪಾಲಿ, ಮನೆ ನಿನ್ನ ಹೆಸರಿಗೆ ಮಾಡ್ತೀನಿ. ನಾಳೆ ನನ್ನ ಆಚೆ ಹಾಕ್ತೀಯೇನೇ?”

“ಹಾಕಿದ್ರೆ ನಾಡಿದ್ದು ನಾನು ಬರ್ದೆ ಇದ್ದಾಗ ಹಾಜರೀಲಿ ಯಾರು ಕೂಗ್ತಾರೆ, ನಿನ್ನ ಮೇಸ್ತ್ರಿನಾ? ಹೋಗೇ, ಹೊತ್ತಾಯ್ತು!”

“ಅವಳ ಮಗ ಏನಾರ ಕ್ಯಾತೆ ತೆಗೆದ್ರೆ?” ಎಂದಳು ಚೌಡಕ್ಕ.

“ಅದಕ್ಕೆ ನನ್ನ ಮನೇನ ನಿನ್ನ ಹೆಸರಿಗೆ ಮಾಡ್ತೀನಿ,” ಎಂದಳು ಪಾಲಮ್ಮ. “ನನ್ನ ಮಗ ಬಾಲ ಬಿಚ್ಚಿದ್ರೆ ನೀನು ನನ್ನ ಮನೆ ಹಿಡ್ಕ. ನಿಂದು ಇನ್ನೊಬ್ಬಳು ಹಿಡ್ಕಳ್ಳಿ. ಯಾರೂ ಯಾರಿಗೂ ಮಿಸುಕಾಡಂಗಿಲ್ಲ.”

ಓಬಳಮ್ಮ ಎದ್ದಳು. ಹಲಗೆಯ ಮೇಲೆ ಕೈಯೂರಿದಳು. ಬೆಳಗಿನ ಮಬ್ಬಿನಲ್ಲಿ ನಿಂತವಳಂತೆ, ಮೇಸ್ತ್ರಿಯ ಬಗ್ಗಿದ ತಲೆಯನ್ನು ಎದುರಿಗೆ ಕಂಡವಳಂತೆ, ನಿರಾಳವಾಗಿ ಹೇಳಿದಳು:

“ಈ ಮನೆ ಪಾಲಮ್ಮಂದು ಸಾ.”

ಹಸಿರು. ನಾಡಿ ಅರವತ್ತೆಂಟು. ಕಂಬ ಹಕ್ಕುಪತ್ರವನ್ನು ಉಗುಳಿತು. ಗುಮಾಸ್ತ ನಿಟ್ಟುಸಿರು ಬಿಟ್ಟು ಹರಾಜಿನ ಫಾರಮ್ಮನ್ನು ಮತ್ತೆ ಮೇಜಿನೊಳಕ್ಕೆ ಸೇರಿಸಿದ.

ಮುಂದಿನ ವಾರಗಳಲ್ಲಿ ಉಳಿದ ನಲವತ್ತೊಂದು ಮಂದಿಯೂ ಇದೇ ದಾರಿ ಹಿಡಿದರು. ‘ನಂದು’ ಎನ್ನಲು ಒಬ್ಬಳಿಂದಲೂ ಆಗಲಿಲ್ಲ. ಪಾಲಮ್ಮನ ಮನೆ ಚೌಡಕ್ಕನ ಹೆಸರಿಗೆ, ಚೌಡಕ್ಕನ ಮನೆ ಡ್ರೈವರಮ್ಮನ ಹೆಸರಿಗೆ, ಹೀಗೆ ಸುತ್ತಿ ಸುತ್ತಿ ಕೊನೆಯವಳ ಮನೆ ಓಬಳಮ್ಮನ ಹೆಸರಿಗೆ ಬಂತು. ಡಾ. ಗಲಗಲಿ ತಮ್ಮ ವರದಿಯಲ್ಲಿ, ನಾಡಿಸಾಕ್ಷಿಯು ಸುಳ್ಳನ್ನಲ್ಲ, ಹೆದರಿಕೆಯನ್ನು ಅಳೆಯುತ್ತದೆ, ಇದನ್ನು ಕೂಡಲೇ ಹಿಂತೆಗೆದುಕೊಳ್ಳಬೇಕು ಎಂದು ಬರೆದರು. ಕಂಪನಿ ವರದಿಯನ್ನು ಮೆಚ್ಚಿ, ಅವರನ್ನು ಬೇರೆ ವಿಭಾಗಕ್ಕೆ ವರ್ಗ ಮಾಡಿ, ಇನ್ನೂ ಆರು ಸಾವಿರ ಹಲಗೆಗಳಿಗೆ ಆರ್ಡರು ಕೊಟ್ಟಿತು.

ಎರಡು ವರ್ಷದ ನಂತರ ಆ ಬಡಾವಣೆಯ ಪಕ್ಕದಲ್ಲಿ ದೊಡ್ಡ ರಸ್ತೆ ಬಂತು. ಜಾಗದ ಬೆಲೆ ನೆಗೆಯಿತು. ಮೇಲಿನವರ ಕಣ್ಣು ಆ ನಲವತ್ತೆರಡು ಮನೆಗಳ ಮೇಲೆ ಬಿತ್ತು. ಏನೋ ಒಂದು ಕಲಮು ಹುಡುಕಿ, ತೆರವಿನ ನೋಟೀಸು ಬರೆಸಿ, ಜಾರಿ ಮಾಡಲು ಅಮೀನನನ್ನು ಕಳಿಸಿದರು. ಕಾನೂನು ಸ್ಪಷ್ಟವಾಗಿತ್ತು. ಮನೆಯ ಒಡೆಯರಿಗೆ, ಅವರು ವಾಸವಿರುವ ಆ ಮನೆಯ ಬಾಗಿಲಲ್ಲೇ, ನೋಟೀಸನ್ನು ಕೈಗೆ ಕೊಟ್ಟು ರುಜು ಪಡೆಯಬೇಕು.

ಅಮೀನ ಮೂರು ದಿನ ಅಲೆದ. ಮೊದಲ ಮನೆಯಲ್ಲಿ ಓಬಳಮ್ಮ, “ಓನರಮ್ಮ ನಾನಲ್ಲ, ಪಾಲಮ್ಮ” ಎಂದಳು. ಪಾಲಮ್ಮನ ಬಾಗಿಲಿಗೆ ಹೋದರೆ, “ಆ ಮನೇಲಿ ನಾನಿಲ್ವಲ್ಲಣ್ಣ, ಇಲ್ದಿರೋ ಮನೇನ ಹೆಂಗೆ ಖಾಲಿ ಮಾಡ್ಲಿ? ಈ ಮನೆ ಬೇಕಾದ್ರೆ ಚೌಡಕ್ಕನ್ನ ಕೇಳು” ಎಂದಳು. ಒಡೆಯರಿದ್ದ ಮನೆ ಅವರದಲ್ಲ, ಅವರದಾದ ಮನೆಯಲ್ಲಿ ಒಡೆಯರಿಲ್ಲ. ನಲವತ್ತೆರಡು ಬಾಗಿಲು ಸುತ್ತಿ ಅವನು ಮತ್ತೆ ಓಬಳಮ್ಮನ ಬಾಗಿಲಿಗೇ ಬಂದು, ಜಗುಲಿಯ ಮೇಲೆ ಕುಸಿದು, ನೋಟೀಸಿನ ಕಟ್ಟಿನಿಂದ ಗಾಳಿ ಬೀಸಿಕೊಂಡ.

ಓಬಳಮ್ಮ ಚಹಾ ತಂದುಕೊಟ್ಟಳು. “ಬಿಸಿಲಲ್ಲಿ ಸುಸ್ತಾಗಿದೀಯ ಕಣಪ್ಪ, ಕುಡಿ.”

ಅವನು ಲೋಟ ಹಿಡಿದು ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಅಕ್ಕಾ, ನನಗೂ ತಾಲ್ಲೂಕಲ್ಲಿ ಒಂದು ಮನೆ ಮಂಜೂರಾಗೈತೆ. ಅಲ್ಲೂ ಆ ಹಲಗೆ ತಂದವ್ರೆ. ನಂದು ಅಂದ್ರೆ ನನಗೂ ಕೆಂಪು ದೀಪವೇ ಹತ್ತೋದು. ಯಾರ ಹೆಸರು ಹೇಳಿದ್ರೆ ಒಳ್ಳೇದು?”

“ಅದೇನು ದೊಡ್ಡ ವಿಷ್ಯ? ನೀನು ಬರ್ದೆ ಇರೋ ದಿನ, ಬಂದವನೆ ಅಂತ ಯಾರು ಕೂಗಿ ನಿನ್ನ ಕೆಲಸನೂ ಮಾಡಿ ಮುಗಿಸ್ತಾರೋ, ಅವರ ಹೆಸರು ಹೇಳು.”

ಅಮೀನ ತನ್ನ ಕಚೇರಿಯ ಮೇಜುಗಳನ್ನೆಲ್ಲ ಒಂದೊಂದಾಗಿ ನೆನೆದ. ಶಿರಸ್ತೇದಾರನ ಮೇಜು, ಟೈಪಿಸ್ಟನ ಮೇಜು, ಬಾಗಿಲ ಬಳಿಯ ಜವಾನನ ಸ್ಟೂಲು. ಲೋಟದ ಮೇಲೆ ಕೆನೆ ಕಟ್ಟಿತು. ಅವನು ಇನ್ನೂ ಯೋಚಿಸುತ್ತಲೇ ಕುಳಿತಿದ್ದ.